ಒಬ್ಬನೇ ಇರೋನಿಗೆ ಏನ್ರೀ ಖರ್ಚು?

ಹೆಂಡತಿ ಇಲ್ಲ, ಮಕ್ಕಳಿಲ್ಲ, ಸ್ಕೂಲ್ ಫೀಜಿನ ಕಾಟವಿಲ್ಲ. ಒಬ್ಬನೇ ಇರೋನಿಗೆ ಏನ್ರೀ ಖರ್ಚು?

ದಾವಣಗೆರೆಯ ಯಾವ ಅಂಗಡಿ ಕಟ್ಟೆ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಸಂಬಳ ಹೆಚ್ಚಿಸಿ ಅಂದಾಗ ಮಾಲೀಕರು ಹೇಳುವುದು ಇದನ್ನೇ. ಊರಿನಿಂದ ಫೋನು ಮಾಡಿ ದುಡ್ಡು ಕೇಳುವ ಅಣ್ಣ ಹೇಳುವುದೂ ಇದನ್ನೇ. ಕೇಳಿಸಿಕೊಂಡವನು ಹಲ್ಲು ಕಿರಿದು ಸುಮ್ಮನಾಗುತ್ತಾನೆ. ಪಾಪ, ಅವನಿಗೂ ತನ್ನ ದುಡ್ಡು ಎಲ್ಲಿ ಹೋಯಿತೆಂದು ಗೊತ್ತಿರುವುದಿಲ್ಲ!

ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳ ಗುಮಾಸ್ತರು, ಆಸ್ಪತ್ರೆಗಳ ನರ್ಸಮ್ಮಂದಿರು, ಗ್ಯಾರೇಜಿನ ಹುಡುಗರು, ಗಂಡ ತೀರಿಹೋಗಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಳೇ ಮನೆಯಲ್ಲಿ ಒಬ್ಬರೇ ಉಳಿದ ತಾಯಂದಿರು... ಒಂಟಿ ಸಂಸಾರದವರು ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರ ಲೆಕ್ಕದ ಪುಸ್ತಕ ಬಿಚ್ಚಿ ನೋಡಿದರೆ ಮೇಲಿನ ಮಾತು ಪೂರಾ ಉಲ್ಟಾ. ಒಂಟಿ ಬಾಳು ಅಗ್ಗವಲ್ಲ ಸ್ವಾಮಿ, ತುಟ್ಟಿ!

ಗುಮಾಸ್ತನ ಲೆಕ್ಕ

ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರು ತಮ್ಮ ತಿಂಗಳ ಖರ್ಚನ್ನು ನಮ್ಮ ಮುಂದೆ ಬರೆದಿಟ್ಟರು. ಹೆಸರು ಬೇಡ ಅಂದರು, ಬಿಟ್ಟಿದ್ದೇವೆ. ವಯಸ್ಸು ಮೂವತ್ತರ ಆಸುಪಾಸು. ಕೈಗೆ ಬರುವ ಸಂಬಳ 13,000 ರೂಪಾಯಿ. ವಠಾರದ ರೂಮಿನ ಬಾಡಿಗೆ 3,500. ಕರೆಂಟಿಗೆಂದು ಮನೆ ಮಾಲೀಕರಿಗೆ 250. ಖಾನಾವಳಿಯಲ್ಲಿ ಊಟವೊಂದಕ್ಕೆ 70ರಂತೆ ಎರಡು ಹೊತ್ತಿಗೆ ತಿಂಗಳಿಗೆ 4,200. ಬೆಳಗಿನ ತಿಂಡಿ, ಮೂರು ಹೊತ್ತಿನ ಟೀ ಸೇರಿ ದಿನಕ್ಕೆ 60, ಅಂದರೆ 1,800. ಊರಿಗೆ ಕಳಿಸುವುದು 2,000. ಬಸ್ಸಿಗೆ 600, ಮೊಬೈಲಿಗೆ 300, ಸೋಪು-ಎಣ್ಣೆ-ಕ್ಷೌರಕ್ಕೆ 500.

ಕೂಡಿಸಿ ನೋಡಿ. 13,150!

ಸಿಗರೇಟು ಇಲ್ಲ, ಸಿನಿಮಾ ಇಲ್ಲ, ಹೊಸ ಅಂಗಿ ಇಲ್ಲ. ಆದರೂ ತಿಂಗಳಿಗೆ 150 ರೂಪಾಯಿ ಮೈಮೇಲೆ. ಜ್ವರ ಬಂದರೆ, ನೆಂಟರ ಮದುವೆಗೆ ಮುಯ್ಯಿ ಕೊಡಬೇಕಾಗಿ ಬಂದರೆ? "ಕೈಸಾಲ ಮಾಡ್ತೀನ್ರಿ. ತಿಂಗಳ ಕೊನೇ ವಾರ ರಾತ್ರಿ ಖಾನಾವಳಿಗೆ ಹೋಗಲ್ಲ. ಮಂಡಕ್ಕಿ ತಿಂದು ನೀರು ಕುಡಿದು ಮಲಗ್ತೀನಿ" ಅಂದರು.

ನಮ್ಮೂರಿನ ಮಂಡಕ್ಕಿ ಸಂಜೆ ಹೊತ್ತು ಮಿರ್ಚಿ ಜೊತೆ ಮಜಾ ಮಾಡಲು ಚೆನ್ನ. ದಿನವಿಡೀ ನಿಂತು ಬಟ್ಟೆ ಹರವುವವನಿಗೆ ಅದೇ ರಾತ್ರಿಯ ಊಟವಾದರೆ ಮೈ ಉಳಿದೀತೇ?

ಯಾಕೆ ಹೀಗೆ?

ಕಾರಣ ಸರಳ. ಬಾಗಿಲೊಂದು, ಬಲ್ಬೊಂದು, ಒಲೆಯೊಂದು, ಬಕೀಟೊಂದು. ಇವನ್ನು ಒಬ್ಬ ಬಳಸಿದರೂ ಇಬ್ಬರು ಬಳಸಿದರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಇಬ್ಬರಿದ್ದರೆ ಹಂಚಿಹೋಗುತ್ತದೆ, ಒಬ್ಬನೇ ಇದ್ದರೆ ಪೂರಾ ತಲೆಗೆ ಬೀಳುತ್ತದೆ. ಇದಕ್ಕೆ ದೊಡ್ಡ ಲೆಕ್ಕಿಗರ ಒಪ್ಪಿಗೆಯೂ ಇದೆ. ಮನೆಗಳ ಆದಾಯ ಹೋಲಿಸಲು ಓಇಸಿಡಿ ಎಂಬ ಮುಂದುವರಿದ ದೇಶಗಳ ಒಕ್ಕೂಟದ ಹೆಸರಿನ ಒಂದು ಅಳತೆ ಬಳಕೆಯಲ್ಲಿದೆ. ಮನೆಯ ಮೊದಲನೇ ದೊಡ್ಡವರಿಗೆ 1, ಎರಡನೆಯವರಿಗೆ ಬರೀ 0.5. ಅಂದರೆ ಇಬ್ಬರಿಗೆ ಸೇರಿ ಒಂದೂವರೆ, ತಲೆಗೆ ಮುಕ್ಕಾಲು. ಒಬ್ಬನೇ ಇರುವವನಿಗೆ ಪೂರಾ ಒಂದು! ನಮ್ಮ ಗುಮಾಸ್ತರ ಪುಸ್ತಕ ಹೇಳುವುದೂ ಅದನ್ನೇ.

ಗ್ಯಾಸಿನ ಗೋಳು

ರೂಮಿನಲ್ಲೇ ಅಡಿಗೆ ಮಾಡಿಕೊಳ್ಳಬಾರದೇ ಎಂದು ಕೇಳುವುದು ಸುಲಭ. ಒಲೆಗೆ ಗ್ಯಾಸು ಬೇಕಲ್ಲ. ಮನೆ ಬಳಕೆಯ 14.2 ಕಿಲೋ ಸಿಲಿಂಡರಿಗೆ ಕನೆಕ್ಷನ್ ಬೇಕು, ವಿಳಾಸದ ದಾಖಲೆ ಬೇಕು. ಬಾಡಿಗೆ ಚೀಟಿಯನ್ನೇ ಬರೆದುಕೊಡದ ಮಾಲೀಕರು ಎಷ್ಟು ಜನ! ಗುರುತಿನ ಚೀಟಿಯೊಂದನ್ನೇ ತೋರಿಸಿ, ವಿಳಾಸದ ದಾಖಲೆ ಇಲ್ಲದೆ ಪಡೆಯಬಹುದಾದ 5 ಕಿಲೋ ಸಿಲಿಂಡರು ಇದೆ. 2013ರಿಂದ ಮುಕ್ತ ಮಾರಾಟಕ್ಕೆ ಬಂದದ್ದು ಇದು. ಇಂಡಿಯನ್ ಆಯಿಲ್‌ನವರು 2020ರಲ್ಲಿ ಇದಕ್ಕೆ 'ಛೋಟು' ಎಂದು ಹೆಸರಿಟ್ಟರು. ಅನುಕೂಲವೇನೋ ಹೌದು. ಆದರೆ ಇದರ ದರ ಮನೆ ಸಿಲಿಂಡರಿನ ದರವಲ್ಲ, ಮಾರುಕಟ್ಟೆ ದರ. ಕಿಲೋ ಲೆಕ್ಕದಲ್ಲಿ ಬಡ ಒಂಟಿಗನೇ ಹೆಚ್ಚು ಕೊಡಬೇಕು!

ಇನ್ನು ಕೆಲವರು ದೊಡ್ಡ ಸಿಲಿಂಡರಿನಿಂದ ಸಣ್ಣ ಸ್ಟೌವಿಗೆ ಕದ್ದು ಗ್ಯಾಸು ತುಂಬಿಸಿಕೊಳ್ಳುತ್ತಾರೆ. ಇದು ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಪ್ರಾಣಕ್ಕೆ ಸಂಚಕಾರ. ಹತ್ತು ರೂಮಿನ ವಠಾರದಲ್ಲಿ ಒಂದು ಸೋರಿದರೆ ಸಾಕು.

ಕರೆಂಟಿನ ಕಥೆ

ಗೃಹಜ್ಯೋತಿ 2023ರಲ್ಲಿ ಬಂತು. ಬಾಡಿಗೆದಾರರಿಗೂ ಉಂಟು. ಆದರೆ ಅದು ಮೀಟರಿನ ಮೇಲೆ ಬರುವಂಥದ್ದು. ರೂಮಿಗೆ ಪ್ರತ್ಯೇಕ ಮೀಟರಿದ್ದರೆ ಬಾಡಿಗೆಯವರೇ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು. ಮನೆ ಬದಲಿಸಿದರೆ ಹಳೆ ಮನೆಯ ಜೋಡಣೆ ಬಿಡಿಸಿಕೊಂಡು ಹೊಸದಕ್ಕೆ ಹಾಕಬಹುದು. ಇಡೀ ವಠಾರಕ್ಕೆ ಒಂದೇ ಮೀಟರಿದ್ದರೆ? ಮಾಲೀಕರು ಹೇಳಿದ್ದೇ ದರ. ಅದಕ್ಕೇ ರೂಮು ನೋಡಲು ಹೋದಾಗ ಕಿಟಕಿ ಎಷ್ಟಿದೆ ಎಂದು ನೋಡುವ ಮೊದಲು ಮೀಟರು ಬೇರೆ ಇದೆಯೇ ಎಂದು ನೋಡಿ. ಬಾಡಿಗೆ ನೂರು ರೂಪಾಯಿ ಹೆಚ್ಚಾದರೂ ಪ್ರತ್ಯೇಕ ಮೀಟರಿನ ರೂಮೇ ಲಾಭವಾದೀತು.

ಸಣ್ಣ ಪೊಟ್ಟಣ, ದೊಡ್ಡ ಪ್ರಶ್ನೆ

ಒಬ್ಬನಿಗೆ ಐದು ಕಿಲೋ ಬೇಳೆ ಯಾಕೆ? ಹುಳ ಬೀಳುತ್ತದೆ. ಹಾಗಾಗಿ ಕಾಲು ಕಿಲೋ, ಅರ್ಧ ಪಾವು, ಐದು ರೂಪಾಯಿ ಪಾಕೀಟು. ಸಣ್ಣದು ಕೊಂಡರೆ ಯಾವಾಗಲೂ ನಷ್ಟ ಎಂಬುದೂ ನಿಜವಲ್ಲ. ಶಾಂಪೂ ಪಾಕೀಟು ಎಷ್ಟೋ ಸಲ ಬಾಟಲಿಗಿಂತ ಅಗ್ಗ ಬೀಳುತ್ತದೆ. ಹಾಗೆಂದು ಬಿಸ್ಕತ್ತು, ಟೀ ಪುಡಿ, ಅಡಿಗೆ ಎಣ್ಣೆ ಎಲ್ಲಕ್ಕೂ ಅದೇ ಮಾತು ಹೊಂದುವುದಿಲ್ಲ. ಕಣ್ಣು ಮುಚ್ಚಿ ಕೊಳ್ಳಬೇಡಿ. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಗ್ರಾಮಿಗೆ ಇಷ್ಟು, ಮಿಲಿ ಲೀಟರಿಗೆ ಇಷ್ಟು ಎಂಬ ದರವನ್ನೂ ಅಚ್ಚು ಹಾಕಬೇಕೆಂದು ಈಗ ನಿಯಮ ಬಂದಿದೆ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡಾದರೂ ಓದಿ. ಒಂದು ನಿಮಿಷದ ಕೆಲಸ.

ಹಾಲೂ ಹಾಗೆಯೇ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅರ್ಧ ಲೀಟರ್ ತಂದು, ಫ್ರಿಜ್ಜಿಲ್ಲದೆ, ಸಂಜೆಗೆ ಒಡೆದ ಹಾಲನ್ನು ಚೆಲ್ಲುವವನು ಕುಡಿದದ್ದಕ್ಕೂ ಕೊಡುತ್ತಾನೆ, ಚೆಲ್ಲಿದ್ದಕ್ಕೂ ಕೊಡುತ್ತಾನೆ. ಪಕ್ಕದ ರೂಮಿನವನೊಡನೆ ಪಾಕೀಟು ಹಂಚಿಕೊಂಡರೆ ಇಬ್ಬರಿಗೂ ಉಳಿತಾಯ.

ಹಳೇ ಊರಿನ ತಾಯಿಯ ಪಾಠ

ಹಳೇ ಊರಿನ ಓಣಿಯಲ್ಲಿ ವಿಧವೆಯೊಬ್ಬರಿದ್ದಾರೆ. ಸ್ವಂತದ್ದೊಂದು ಅಂಕಣದ ಮನೆ, ಅದೇ ದೊಡ್ಡ ಆಸ್ತಿ. 2021ರಲ್ಲಿ 600ರಿಂದ 800ಕ್ಕೆ ಏರಿದ ವಿಧವಾ ವೇತನ, ಗೃಹಲಕ್ಷ್ಮಿಯ 2,000, ಹೂ ಕಟ್ಟಿದ್ದರಿಂದ ಬಂದಷ್ಟು. ಇಷ್ಟರಲ್ಲೇ ಬಾಳು. ಆದರೆ ಅವರಿಗೆ ಯಾರ ಸಾಲವೂ ಇಲ್ಲ!

ಹೇಗಮ್ಮಾ ಇದು ಎಂದು ಕೇಳಿದೆವು. "ಸರ್ಕಾರದ ದುಡ್ಡು ಇಂಥ ತಾರೀಖಿಗೇ ಬರ್ತತಿ ಅಂತ ನೆಚ್ಚಿಕೊಂಡ್ರೆ ಕೆಟ್ಟೆ ಅಂತಲೇ ಲೆಕ್ಕ ಕಣಪ್ಪಾ. ಬಂದ ದುಡ್ಡನ್ನ ಬಂದ ತಿಂಗಳು ಮುಟ್ಟಲ್ಲ ನಾನು. ಅದು ಮುಂದಿನ ತಿಂಗಳಿಗೆ. ಈ ತಿಂಗಳು ಉಣ್ಣಾದು ಹೋದ ತಿಂಗಳ ದುಡ್ಡು" ಎಂದರು.

ಎಂಥ ಮಾತು ನೋಡಿ! ಮೊದಲನೇ ತಿಂಗಳ ದುಡ್ಡು ಹೊಂದಿಸಲು ಅವರಿಗೆ ಒಂದು ವರ್ಷ ಹಿಡಿಯಿತಂತೆ. ಹೂವಿನ ಚಿಲ್ಲರೆಯನ್ನು ಡಬ್ಬಿಗೆ ಹಾಕುತ್ತಾ ಹೋದರು. ಆಮೇಲೆ ಕಂತು ತಡವಾದರೂ ಒಲೆ ಆರಲಿಲ್ಲ. ಎರಡನೆಯ ಪಾಠ: ಅಕ್ಕಿ, ಬೇಳೆ, ಎಣ್ಣೆ, ಮಾತ್ರೆ, ಈ ನಾಲ್ಕು ಮೊದಲು ಮನೆಗೆ ಬರಬೇಕು. ಉಳಿದದ್ದು ಉಳಿದರೆ. ಮಾತ್ರೆಯನ್ನು ಜನೌಷಧಿ ಅಂಗಡಿಯಲ್ಲೇ ಕೊಳ್ಳುತ್ತಾರೆ.

ಸಾಲದ ಸುಳಿ

ಈ ತಾಯಿಯ ಹಾಗೆ ಒಂದು ತಿಂಗಳು ಮುಂದೆ ಇಲ್ಲದವರು ಒಂದು ತಿಂಗಳು ಹಿಂದೆ ಇರುತ್ತಾರೆ. ಒಂಟಿಗನಿಗೆ ಅಂಗಡಿಯವರು ಉದ್ರಿ ಕೊಡುವುದಿಲ್ಲ. ಸಂಸಾರಸ್ಥನಾದರೆ ಎಲ್ಲಿ ಹೋದಾನು, ಒಬ್ಬನೇ ಇರುವವನು ರಾತ್ರೋರಾತ್ರಿ ಚೀಲ ಎತ್ತಿಕೊಂಡು ಹೋದರೆ ಎಂಬ ಭಯ. ಕೊನೆಗೆ ಅವನು ಹೋಗುವುದು ಮೀಟರ್ ಬಡ್ಡಿಯವರ ಹತ್ತಿರ, ಇಲ್ಲವೇ ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಾಲ ಕೊಡುವವರ ಹತ್ತಿರ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಹಾವಳಿ ಎಷ್ಟಿತ್ತೆಂದು ಊಹಿಸಿ. ಕಾಯ್ದೆ ಇದೆ ಎಂದು ಸಾಲಕ್ಕೆ ಕೈಯೊಡ್ಡುವುದು ಜಾಣತನವಲ್ಲ.

ಹಾಗಾದರೆ ದಾರಿ?

ಮೊದಲನೆಯದು, ರೂಮು ಬೇರೆ ಇರಲಿ, ಒಲೆ ಒಂದಾಗಲಿ. ಅದೇ ಗುಮಾಸ್ತರು ವಠಾರದ ಇನ್ನಿಬ್ಬರ ಜೊತೆ ಸೇರಿ ಈಚೆಗೆ ಈ ಕೆಲಸ ಮಾಡಿದ್ದಾರೆ. ಬೆಳಗಿನ ತಿಂಡಿ, ರಾತ್ರಿಯ ಊಟ, ಭಾನುವಾರ ಮಧ್ಯಾಹ್ನದ್ದೂ ಒಟ್ಟಿಗೆ. ತಲೆಗೆ 2,400 ಬೀಳುತ್ತದೆ. ಕೆಲಸದ 26 ದಿನ ಮಧ್ಯಾಹ್ನ ಖಾನಾವಳಿ, ಅದಕ್ಕೆ 1,820. ಹೊರಗಿನ ಟೀಗೆ 600. ಹೊಟ್ಟೆಯ ಲೆಕ್ಕ 6,000 ಇದ್ದದ್ದು 4,820ಕ್ಕೆ ಇಳಿಯಿತು. 150 ಸಾಲವಾಗುತ್ತಿದ್ದ ಕಡೆ ಈಗ 1,030 ಉಳಿಯುತ್ತಿದೆ. ಮಂಡಕ್ಕಿ ರಾತ್ರಿಗಳು ಮುಗಿದವು.

ಎರಡನೆಯದು, ನಿಮ್ಮ ಹಕ್ಕಿನದ್ದನ್ನು ಬಿಡಬೇಡಿ. ಊರಿನ ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಒತ್ತಿ ಧಾನ್ಯ ಪಡೆಯಲು ಅವಕಾಶವಿದೆ. ಊರಲ್ಲಿ ಮನೆಯವರು ಎಷ್ಟು ತರುತ್ತಾರೆ, ಇಲ್ಲಿ ನೀವು ಎಷ್ಟು ತರುತ್ತೀರಿ ಎಂದು ಮೊದಲು ಮಾತಾಡಿಕೊಳ್ಳಿ. ಕೈ ಪೂರಾ ಬರಿದಾದ ದಿನ ಇಂದಿರಾ ಕ್ಯಾಂಟೀನಿನ 5 ರೂಪಾಯಿ ತಿಂಡಿ, 10 ರೂಪಾಯಿ ಊಟಕ್ಕೆ ನಾಚಿಕೆ ಬೇಡ. ಬಡ್ಡಿ ಸಾಲಕ್ಕಿಂತ ಅದು ಮರ್ಯಾದಸ್ಥ ದಾರಿ.

ಮೂರನೆಯದು ಬಸ್ಸಿನ ಲೆಕ್ಕ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇಕಡಾ 15 ಏರಿತು. ಆದರೂ ಹರಿಹರದಂಥ ಹತ್ತಿರದ ಊರಿನಲ್ಲಿ ಸ್ವಂತ ಮನೆಯಿರುವವರು ಇಲ್ಲಿನ ಬಾಡಿಗೆಯನ್ನೂ ತಿಂಗಳ ಪಾಸನ್ನೂ ಎದುರಾಬದುರು ಬರೆದು ನೋಡಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಪುಕ್ಕಟೆ. ಅವರ ಲೆಕ್ಕ ಇನ್ನೂ ಬೇರೆ.

ನಾಲ್ಕನೆಯದು, ಉಳಿದದ್ದು ಜೇಬಿನಲ್ಲಿ ಉಳಿಯುವುದಿಲ್ಲ. ಪೋಸ್ಟಾಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷದ ಆರ್.ಡಿ. ಕಟ್ಟಬಹುದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮೆಯಲ್ಲಿ ಅಪಘಾತಕ್ಕೆ 2 ಲಕ್ಷದವರೆಗೆ ರಕ್ಷಣೆ ಇದೆ. ಬಿದ್ದರೆ ಎತ್ತಲು ಮನೆಯಲ್ಲಿ ಇನ್ನೊಬ್ಬರಿಲ್ಲದವರಿಗೇ ಇಂಥದ್ದು ಮೊದಲು ಬೇಕು.

ಐದನೆಯದು, ಬರೆಯಿರಿ. ನಾಲ್ಕಾಣೆಯ ಕಾಲದಲ್ಲಿ ಬರೆಯುತ್ತಿದ್ದರು, ಫೋನ್‌ಪೇ ಕಾಲದಲ್ಲಿ ಬಿಟ್ಟಿದ್ದೇವೆ. ಫೋನು ತೋರಿಸಿ ಟೀ ಕುಡಿದರೆ ದುಡ್ಡು ಹೋದದ್ದೇ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುನ್ನ ಎರಡು ಸಾಲು ಸಾಕು.

ಅಂಗಡಿಯವರಿಗೊಂದು ಮಾತು

ಸಾವ್ಕಾರ್ರೇ, ನಿಮಗೂ ಒಂದು ಅರಿಕೆ. ಕಾಲು ಕಿಲೋ ಬೇಳೆ ಕೇಳಲು ಬಂದವನನ್ನು 'ಪಾಕೀಟು ತಗೊಂಡ್ಹೋಗಪ್ಪಾ, ಬಿಡಿ ತೂಗಕ್ಕೆ ಪುರುಸೊತ್ತಿಲ್ಲ' ಎಂದು ಕಳಿಸಬೇಡಿ. ಅವನು ದಿನಾ ಬರುವ ಗಿರಾಕಿ, ಹೆಚ್ಚಾಗಿ ರೊಕ್ಕ ಕೊಟ್ಟೇ ಒಯ್ಯುವವನು. ಆರು ತಿಂಗಳು ನಿಯತ್ತಾಗಿ ವ್ಯಾಪಾರ ಮಾಡಿದವನಿಗೆ ಐನೂರು ರೂಪಾಯಿ ಉದ್ರಿ ಬರೆದರೆ ನಿಮ್ಮ ಗಲ್ಲಾ ಬರಿದಾಗದು. ಅವನು ಮೀಟರ್ ಬಡ್ಡಿಯವನ ಮೆಟ್ಟಿಲು ಹತ್ತುವುದು ತಪ್ಪೀತು.

ನಿಮ್ಮದೇ ಅಂಗಡಿಯ ಗುಮಾಸ್ತ ಸಂಬಳ ಹೆಚ್ಚಿಸಿ ಎಂದು ಬಂದಾಗ, 'ಒಬ್ಬನೇ ಇರೋನಿಗೆ ಏನೋ ಖರ್ಚು' ಎನ್ನುವ ಮೊದಲು ಅವನ ತಿಂಗಳ ಲೆಕ್ಕವನ್ನು ಒಂದು ಸಲ ಬರೆಸಿ, ನೀವೇ ಕೂಡಿಸಿ. ಕೂಡಿಸುವುದು ನಿಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.