ಊದಿದ ಕಾಲಿಗೆ ಪಟ್ಟಿ ಮೊದಲು, ಆಪರೇಷನ್ ಆಮೇಲೆ

ಆನೆಕಾಲು ರೋಗ ಅಂದರೆ ನಮ್ಮವರಿಗೆ ನೆನಪಾಗುವುದು ಕರಾವಳಿ. ಅದರಲ್ಲಿ ತಪ್ಪೇನಿಲ್ಲ. ರಾಜ್ಯದಲ್ಲಿ ಫೈಲೇರಿಯಾ ಪೀಡಿತ ಎಂದು ಗುರುತಿಸಿದ 9 ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಇವೆ. ಉಳಿದವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. ಮಂಡ್ಯ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಯಾರದಾದರೂ ಒಂದು ಕಾಲು ಅಥವಾ ಕೈ ಊದಿಕೊಂಡರೆ ಈ ಕಾಯಿಲೆ ಇರಬಹುದೆಂಬ ಯೋಚನೆ ಸುಲಭಕ್ಕೆ ಬರುವುದಿಲ್ಲ. "ನೀರು ತುಂಬ್ಕಂಡದೆ, ಇಳ್ದೋಯ್ತದೆ ಬುಡು" ಎಂದು ವರ್ಷ ಕಳೆದುಬಿಡುತ್ತದೆ. ಅಷ್ಟರಲ್ಲಿ ಸುಲಭವಾಗಿ ಹಿಡಿತಕ್ಕೆ ಸಿಗಬೇಕಾದ ಬಾವು ಗಟ್ಟಿಯಾಗಿಬಿಟ್ಟಿರುತ್ತದೆ.

ಇದಕ್ಕೆ ವೈದ್ಯರು ಹೇಳುವ ಹೆಸರು ಲಿಂಫೆಡಿಮಾ, ಅಂದರೆ ದುಗ್ಧರಸದ ಬಾವು. ನಮ್ಮ ತಾಲೂಕುಗಳ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಬಂದರಷ್ಟೇ ಸಾಲದು, ಹೆಚ್ಚಾದದ್ದು ಹರಿದುಹೋಗಲು ಬಸಿಗಾಲುವೆ ತೆರೆದಿರಬೇಕು. ರಕ್ತನಾಳಗಳಿಂದ ಹೊರಗೆ ಜಿನುಗಿ ಉಳಿಯುವ ದ್ರವವನ್ನು, ದಿನಕ್ಕೆ ಎರಡು ಮೂರು ಲೀಟರಿನಷ್ಟನ್ನು, ಮತ್ತೆ ರಕ್ತಕ್ಕೆ ಸೇರಿಸುವ ಬಸಿಗಾಲುವೆಗಳೇ ದುಗ್ಧನಾಳಗಳು. ಅವು ಕಟ್ಟಿದರೆ ಪ್ರೋಟೀನ್ ತುಂಬಿದ ದ್ರವ ಚರ್ಮದ ಕೆಳಗೇ ನಿಲ್ಲುತ್ತದೆ. ಮೊದಮೊದಲು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಕಾಲು ಎತ್ತಿ ಮಲಗಿದರೆ ಬೆಳಗ್ಗೆ ಇಳಿದಿರುತ್ತದೆ. ಆಮೇಲಾಮೇಲೆ ಆ ಜಾಗದಲ್ಲಿ ಕೊಬ್ಬು, ನಾರು ಬೆಳೆದು ಗುಳಿ ಬೀಳುವುದೇ ನಿಲ್ಲುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಕಾಲಿನ ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಿ. ಎತ್ತಲು ಬರದಿದ್ದರೆ ಲಿಂಫೆಡಿಮಾ ಇರುವ ಸಾಧ್ಯತೆ ಹೆಚ್ಚು. ಎತ್ತಲು ಬಂದರೂ ಕಾಯಿಲೆ ಇಲ್ಲವೆಂದು ತೀರ್ಮಾನಿಸಬೇಡಿ.

ಎಲ್ಲ ಬಾವೂ ಇದಲ್ಲ. ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಕಿಡ್ನಿ, ಲಿವರ್ ನೋಡಿಸಬೇಕು. ಕೆಲವು ಬಿಪಿ ಮಾತ್ರೆಗಳಿಂದಲೂ ಪಾದ ಊದುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಯಾರೋ ಹೇಳಿದರೆಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಲಿಂಫೆಡಿಮಾಕ್ಕೆ ಅದರಿಂದ ಪ್ರಯೋಜನವಿಲ್ಲ.

ಫೈಲೇರಿಯಾ ಇಲ್ಲದ ಜಿಲ್ಲೆಯಲ್ಲಿ ಇದು ಬರುವುದಾದರೂ ಹೇಗೆ? ದೊಡ್ಡ ಕಾರಣ ಕ್ಯಾನ್ಸರ್ ಚಿಕಿತ್ಸೆ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದಾಗ ಸುಮಾರು ಐವರಲ್ಲಿ ಒಬ್ಬರಿಗೆ ಆ ಕೈ ಊದುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸಿದರೆ ನೂರಕ್ಕೆ ಐದಾರು ಮಂದಿಗೆ. ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ತಗೊಂಡವರಿಗೆ ಕಾಲು. ಆಪರೇಷನ್ ಆಗಿ ಎರಡು ಮೂರು ವರ್ಷದ ಮೇಲೂ ಬರಬಹುದು, ಆದ್ದರಿಂದ ಎರಡಕ್ಕೂ ನಂಟಿದೆ ಎಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಪದೇ ಪದೇ ಚರ್ಮದ ಸೋಂಕಾದವರಿಗೂ ಬರುತ್ತದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಲ್ಲಾದರೆ ಹಳೆಯ ಫೈಲೇರಿಯಾವನ್ನೂ ಮರೆಯುವ ಹಾಗಿಲ್ಲ. ಸೊಳ್ಳೆ ಕಚ್ಚಿ ಎಷ್ಟೋ ವರ್ಷದ ಮೇಲೆ ಕಾಲು ಊದುತ್ತದೆ. ಹಾಗಾಗಿ ಊರು ಯಾವುದು, ಮೊದಲು ಎಲ್ಲಿದ್ದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಆಪರೇಷನ್ ಮಾಡಿಸಿದರೆ ಹೋಗುತ್ತದಾ?

ಪೂರ್ತಿ ಹೋಗುವುದಿಲ್ಲ. ಆದರೆ ಸರಿಯಾದ ಹಂತದಲ್ಲಿ ಮಾಡಿದರೆ ತುಂಬ ಅನುಕೂಲವಾಗುತ್ತದೆ. ಹಳೆಯ ವಿಧಾನವೊಂದಕ್ಕೆ ಕಲ್ಕತ್ತಾದಲ್ಲಿ ಸರ್ಜನ್ ಆಗಿದ್ದ ಹ್ಯಾವ್ಲಾಕ್ ಚಾರ್ಲ್ಸ್ ಹೆಸರಿದೆ, 1912ರದ್ದು. ಊದಿದ ಚರ್ಮ, ಕೊಬ್ಬನ್ನೆಲ್ಲ ಸ್ನಾಯುವಿನ ಪೊರೆಯ ತನಕ ತೆಗೆದು ಮೇಲೆ ಚರ್ಮ ಕಸಿ ಮಾಡುವುದು. ಕಾಲು ಸಣ್ಣಗಾಗುತ್ತದೆ, ಕಲೆ ಮತ್ತು ಗಾಯದ ತೊಂದರೆ ಉಳಿಯುತ್ತದೆ. ಈಗ ಅದು ತೀರಾ ಮುಂದುವರಿದ ಕಾಲಿಗೆ ಮಾತ್ರ.

ಹೊಸ ವಿಧಾನಗಳು ಬಸಿಗಾಲುವೆಯನ್ನೇ ಸರಿಮಾಡಲು ನೋಡುತ್ತವೆ. ಜಪಾನಿನ ಇಸಾವೊ ಕೊಶಿಮಾ ಬೆಳೆಸಿದ ವಿಧಾನದಲ್ಲಿ, ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ದುಗ್ಧನಾಳವನ್ನು ಪಕ್ಕದ ಪುಟ್ಟ ರಕ್ತನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ದಾರ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಗಾಯವೂ ಚಿಕ್ಕದೇ. ಆದರೆ ನಾಳ ಇನ್ನೂ ಜೀವಂತವಾಗಿರಬೇಕು. ಇದಕ್ಕೆ ಮುಂಚೆ ಹಸಿರು ಬಣ್ಣದ ಔಷಧಿ ಚುಚ್ಚಿ ವಿಶೇಷ ಕ್ಯಾಮರಾದಲ್ಲಿ ನಾಳ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ನಾಳಗಳೇ ಹಾಳಾಗಿದ್ದರೆ ದೇಹದ ಬೇರೆ ಕಡೆಯಿಂದ, ಉದಾಹರಣೆಗೆ ತೊಡೆಸಂದಿಯಿಂದ ಅಥವಾ ಹೊಟ್ಟೆಯೊಳಗಿಂದ, ದುಗ್ಧಗ್ರಂಥಿಗಳನ್ನು ರಕ್ತನಾಳ ಸಮೇತ ತಂದು ನೆಡುವ ವಿಧಾನವಿದೆ. ಗ್ರಂಥಿ ತೆಗೆದ ಕಡೆಯ ಕಾಲೇ ಊದುವ ಅಪಾಯ ಸ್ವಲ್ಪ ಇದೆ, ಅದನ್ನು ಡಾಕ್ಟರ ಬಳಿ ಬಿಚ್ಚಿ ಕೇಳಬೇಕು.

ಗುಳಿ ಬೀಳದಷ್ಟು ಕೊಬ್ಬು ಬೆಳೆದ ಕೈಕಾಲಿಗೆ ಲೈಪೊಸಕ್ಷನ್. ಸ್ವೀಡನ್ನಿನ ಹೊಕನ್ ಬ್ರೂರ್ಸನ್ 1987ರಿಂದ ಮಾಡಿ ತೋರಿಸಿದ್ದು. ಫಲಿತಾಂಶ ಕಣ್ಣಿಗೆ ಕಾಣುತ್ತದೆ, ಆದರೆ ಬಿಗಿ ಸಾಕ್ಸ್ ಜೀವನಪೂರ್ತಿ ಹಾಕಲೇಬೇಕು. ಬಿಟ್ಟರೆ ಮತ್ತೆ ಊದುತ್ತದೆ. ಫೈಲೇರಿಯಾದ ವೃಷಣದ ಬಾವಿನ ಕತೆ ಮಾತ್ರ ಬೇರೆ. ಹೈಡ್ರೋಸೀಲಿಗೆ ಆಪರೇಷನ್ನೇ ಮದ್ದು, ಸಾಮಾನ್ಯ ಸರ್ಜನ್ನರೇ ಮಾಡುತ್ತಾರೆ. ನಾಚಿಕೆಯಿಂದ ಲುಂಗಿಯೊಳಗೆ ಬಚ್ಚಿಟ್ಟುಕೊಂಡು ಬದುಕುವುದು ಬೇಕಿಲ್ಲ.

ಈ ಎಲ್ಲ ಆಪರೇಷನ್ನಿಗೂ ಮುಂಚೆ ಬಾವು ಇಳಿಸಿ, ಸೋಂಕು ನಿಲ್ಲಿಸಿರಬೇಕು. ಆ ಕೆಲಸ ನಡೆಯುವುದು ಮನೆಯಲ್ಲಿ. ಇದರಲ್ಲಿ ಹೆಸರು ಮಾಡಿದ ಜಾಗ ನಮ್ಮ ಕಾಸರಗೋಡಿನಲ್ಲೇ ಇದೆ, ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ. ಚರ್ಮವೈದ್ಯ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಅಲೋಪಥಿ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಮಾಡಿದ ಚಿಕಿತ್ಸೆ: ಸೋಪಿನಿಂದ ತೊಳೆದು ಒರೆಸುವುದು, ಕಷಾಯದಲ್ಲಿ ಕಾಲಿಡುವುದು, ಎಣ್ಣೆ ಹಚ್ಚಿ ನೀವುವುದು, ಉಸಿರಾಟದ ವ್ಯಾಯಾಮ, ಬಿಗಿ ಪಟ್ಟಿ. ಇದನ್ನೇ ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಊರುಗಳಿಗೆ ಒಯ್ದು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು, ರೋಗಿಯೇ ಕಲಿತು ಮನೆಯಲ್ಲಿ ಮುಂದುವರಿಸುವಂತೆ ಮಾಡಿದ್ದು.

ಪಟ್ಟಿ ವಿಷಯದಲ್ಲಿ ಒಂದು ಮಾತು. ಮೆಡಿಕಲ್ ಶಾಪಿನ ಮಾಮೂಲಿ ಕ್ರೇಪ್ ಬ್ಯಾಂಡೇಜ್ ಬೇರೆ, ಇದಕ್ಕೆ ಬೇಕಾದ ಕಡಿಮೆ ಹಿಗ್ಗುವ ಪಟ್ಟಿ ಬೇರೆ. ಕಾಲಿನ ರಕ್ತ ಸಂಚಾರ ನೋಡಿಸದೆ ಬಿಗಿದು ಕಟ್ಟಬಾರದು, ಸಕ್ಕರೆ ಕಾಯಿಲೆಯವರಂತೂ ಕಟ್ಟಲೇಬಾರದು.

ದಿನಕ್ಕೆ ಐದು ಸಲ ವುಳೂ ಮಾಡುವವರಿಗೆ ಕಾಲು ತೊಳೆಯುವ ಅಭ್ಯಾಸ ಮೊದಲೇ ಇದೆ, ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಒರೆಸುವುದು. ಬೆರಳ ಸಂದಿಯಲ್ಲಿ ನೀರು ನಿಂತರೆ ಅಲ್ಲಿ ಹುಳುಕು ಹಿಡಿದು ಬಿರುಕು ಬೀಳುತ್ತದೆ, ಆ ಬಿರುಕಿನಿಂದ ಕೀಟಾಣು ಒಳಗೆ ಹೋಗುತ್ತದೆ. ಚಳಿಜ್ವರ ಬಂದು ಕಾಲು ಕೆಂಪಾಗಿ ಸುಟ್ಟಂತಾದರೆ ತಿಕ್ಕಬೇಡಿ, ಬೇಗ ಆ್ಯಂಟಿಬಯಾಟಿಕ್ ಶುರುವಾಗಬೇಕು. ಅಂಥ ಒಂದೊಂದು ಜ್ವರವೂ ಒಳಗಿನ ನಾಳಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಪಟ್ಟಿ ಕಟ್ಟಿದಾಗ ವುಳೂ ಹೇಗೆ ಎಂಬುದನ್ನು ಉಸ್ತಾದರ ಬಳಿ ಕೇಳಿ. ಕಟ್ಟಿನ ಮೇಲೆ ಸವರುವ ವಿನಾಯಿತಿ ಫಿಕ್ಹ್‌ನಲ್ಲಿದೆ, ಅದರ ಷರತ್ತುಗಳನ್ನು ಅವರೇ ಹೇಳಬೇಕು. ಉಮ್ಮ, ತಾತ್ತಂದಿರು ಗಂಡು ಡಾಕ್ಟರಿಗೆ ಕಾಲು ತೋರಿಸಲು ಹಿಂಜರಿದರೆ ಲೇಡಿ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ. ಮುಚ್ಚಿಟ್ಟು ಕೂರುವುದು ಬೇಡ.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮುಂದಕ್ಕೆ ಮಂಡ್ಯದ ಮಿಮ್ಸ್ ಇದೆ, ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಮೆಡಿಕಲ್ ಕಾಲೇಜು, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ಮೈಕ್ರೋಸ್ಕೋಪಿನ ಆಪರೇಷನ್ ಬೇಕೆಂದರೆ ಅದನ್ನೇ ಮಾಡುವ ಪ್ಲಾಸ್ಟಿಕ್ ಸರ್ಜನ್ನರನ್ನು ಹುಡುಕಬೇಕಾಗುತ್ತದೆ. ಖರ್ಚಿನ ವಿಷಯ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮುಂಚೆಯೇ ಮಾತಾಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ನನ್ನ ಕಾಲು ಯಾವ ಹಂತದಲ್ಲಿದೆ, ನಾಳ ಪರೀಕ್ಷೆ ಮಾಡಿದ್ದೀರಾ, ಆಮೇಲೆ ಸಾಕ್ಸ್ ಎಷ್ಟು ಕಾಲ ಎಂದು ಕೇಳಿ. ಲೈಪೊಸಕ್ಷನ್ ಮಾಡಿ "ಸಾಕ್ಸ್ ಬೇಕಾಗಲ್ಲ" ಅಂದರೆ ಇನ್ನೊಬ್ಬ ಡಾಕ್ಟರನ್ನೂ ಕಂಡು ಬನ್ನಿ.