ದಾಳಿಂಬೆಗೆ ಅಂಟಿದ ಊರಿನ ಹೆಸರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮಕ್ಕಳಿಗೆ ‘ಅರೇಬಿಕಾ’ ದಿನನಿತ್ಯದ ಮಾತು. ಹೆಸರು ಕೇಳಿದರೆ ಅದು ಅರಬ್ ದೇಶದ ಗಿಡವೆನಿಸುತ್ತದೆ. ಆದರೆ ಅದರ ತವರು ಇಥಿಯೋಪಿಯಾದ ಕಾಡು. ಅದನ್ನು ತೋಟದ ಬೆಳೆಯಾಗಿಸಿ ಮಾರಿದವರು ಯೆಮೆನ್‌ನ ಅರಬರು. 17ನೇ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜ ತಂದದ್ದೂ ಅಲ್ಲಿಂದಲೇ ಎಂಬ ಪ್ರತೀತಿಯಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ‘ಕಾಫಿಯಾ ಅರೇಬಿಕಾ’ ಎಂದು ಹೆಸರಿಟ್ಟರು. ಹೀಗೆ, ಬೆಳೆದು ಮಾರಿದವರ ಹೆಸರೇ ಗಿಡಕ್ಕೆ ಉಳಿಯಿತು.

ಅದೇ ಗ್ರಂಥದಲ್ಲಿ ದಾಳಿಂಬೆಗೆ ಸಿಕ್ಕ ಹೆಸರು ‘ಪ್ಯೂನಿಕಾ ಗ್ರನೇಟಮ್’. ‘ಗ್ರನೇಟಮ್’ ಎಂದರೆ ಕಾಳು ತುಂಬಿದ್ದು. ಹಾಗಾದರೆ ‘ಪ್ಯೂನಿಕಾ’ ಎಂದರೇನು?

‘ಪ್ಯೂನಿಕ್’ ಎಂದರೆ ಕಾರ್ಥೇಜಿಗೆ ಸಂಬಂಧಿಸಿದ್ದು. ಕಾರ್ಥೇಜ್ ಇಂದಿನ ಟುನೀಷಿಯಾದ ಕಡಲತೀರದಲ್ಲಿದ್ದ ಪ್ರಾಚೀನ ನಗರ. ಅದನ್ನು ಕಟ್ಟಿದವರು ಇಂದಿನ ಲೆಬನಾನ್ ಕರಾವಳಿಯಿಂದ ಬಂದ ಫಿನೀಷಿಯನ್ ವರ್ತಕರು. ‘ಫಿನೀಷಿಯನ್’ ಎಂಬುದಕ್ಕೆ ಮೂಲವಾದ ಗ್ರೀಕ್ ಪದವೇ ಲ್ಯಾಟಿನ್ನಿನಲ್ಲಿ ‘ಪ್ಯೂನಿಕಸ್’ ಆಯಿತು. ಆ ಗ್ರೀಕ್ ಪದಕ್ಕೆ ಕಡುಗೆಂಪು ಎಂಬ ಅರ್ಥವೂ ಉಂಟು. ಕಾರ್ಥೇಜಿನ ಕಡೆಯಿಂದ ಪರಿಚಯವಾದ ದಾಳಿಂಬೆಯನ್ನು ರೋಮನ್ನರು ‘ಪ್ಯೂನಿಕ್ ಸೇಬು’ ಎಂದರು. ಆದರೆ ದಾಳಿಂಬೆಯ ತವರು ಇರಾನ್ ಮತ್ತು ಅದರ ಸುತ್ತಲಿನ ಸೀಮೆ.

ನಿಘಂಟು ತೆರೆದರೆ ಈ ಪದಕ್ಕೆ ಇನ್ನೊಂದು ಕಹಿ ಅರ್ಥವೂ ಕಾಣುತ್ತದೆ: ನಂಬಿಕೆದ್ರೋಹಿ. ಕ್ರಿ.ಪೂ. 264ರಿಂದ 146ರವರೆಗಿನ ಅವಧಿಯಲ್ಲಿ ರೋಮ್ ಮತ್ತು ಕಾರ್ಥೇಜ್ ನಡುವೆ ಮೂರು ಯುದ್ಧಗಳಾದವು. ಕೊನೆಗೆ ರೋಮನ್ನರು ಕಾರ್ಥೇಜನ್ನು ನೆಲಸಮ ಮಾಡಿದರು. ಗೆದ್ದವರ ಬಾಯಲ್ಲಿ ‘ಪ್ಯೂನಿಕ್ ನಂಬಿಕೆ’ ಎಂದರೆ ಮೋಸ ಎಂದಾಯಿತು. ಕಾರ್ಥೇಜಿನವರ ಬರಹಗಳು ಬಹುತೇಕ ನಾಶವಾದ್ದರಿಂದ ಅವರ ಪರವಾಗಿ ಉತ್ತರ ಹೇಳುವವರು ಉಳಿಯಲಿಲ್ಲ.

ಆದರೂ ಒಂದು ಸಂಗತಿ ಗಮನಿಸಬೇಕು. ಕಾರ್ಥೇಜಿನ ಮಾಗೋ ಎಂಬಾತ ಬೇಸಾಯದ ಬಗ್ಗೆ 28 ಸಂಪುಟಗಳನ್ನು ಬರೆದಿದ್ದ. ರೋಮ್‌ನ ಸೆನೆಟ್ ಸಭೆಯೇ ಅವನ್ನು ಲ್ಯಾಟಿನ್ನಿಗೆ ಅನುವಾದಿಸಲು ಆಜ್ಞೆ ಮಾಡಿತು. ಜನರನ್ನು ಮೋಸಗಾರರೆಂದು ಜರೆದವರೇ ಅವರ ಕೃಷಿಜ್ಞಾನವನ್ನು ನಂಬಿದರು!

ಪಾಠದಲ್ಲಿ ಶಾಸ್ತ್ರೀಯ ಹೆಸರು ಬಂದಾಗ ಮಕ್ಕಳು ಬಾಯಿಪಾಠ ಮಾಡಿ ಸುಮ್ಮನಾಗುತ್ತಾರೆ. ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕೇಳುವ ಅಭ್ಯಾಸವನ್ನು ಹೆತ್ತವರು ಮನೆಯಲ್ಲಿಯೇ ಬೆಳೆಸಬಹುದು. ಗಿಡದ ಹೆಸರಿನ ಬಗ್ಗೆ ಹೀಗೆ ಕೇಳಲು ಕಲಿತ ಮಗು, ಒಂದು ಜನಾಂಗಕ್ಕೆ ಇನ್ನೊಬ್ಬರು ಹಚ್ಚಿದ ಹೆಸರನ್ನೂ ಕಣ್ಣುಮುಚ್ಚಿ ಒಪ್ಪುವುದಿಲ್ಲ.