ಬೆನ್ನುಹುರಿಗೆ ಪೆಟ್ಟಾದವರು ಮತ್ತೆ ನಡೆಯಬಲ್ಲರೇ?

ತೆಂಗಿನ ಮರದಿಂದಲೋ ಅಡಿಕೆ ಮರದಿಂದಲೋ ಬಿದ್ದು ಹಾಸಿಗೆ ಹಿಡಿದವರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಪರಮಪ್ರಸಾದ ಕೊಂಡೊಯ್ದಾಗ ಅವರು ಕೇಳುವುದು ಒಂದೇ: "ಫಾದರ್, ಮತ್ತೆ ನಡೆಯಲಿಕ್ಕೆ ಆದೀತಾ?"

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನರವಿಜ್ಞಾನಿ ಗ್ರೆಗ್ವಾರ್ ಕೂರ್ಟಿನ್ ಹಾಗೂ ನರಶಸ್ತ್ರವೈದ್ಯೆ ಜೋಸ್ಲಿನ್ ಬ್ಲೋಕ್ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಸಾಮಾನ್ಯವಾಗಿ ಪೆಟ್ಟು ಬಿದ್ದ ಜಾಗದ ಕೆಳಗೆ ಕಾಲುಗಳನ್ನು ಆಡಿಸುವ ನರಜಾಲ ಸತ್ತಿರುವುದಿಲ್ಲ; ಮೆದುಳಿನ ಆಜ್ಞೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಬೆನ್ನುಹುರಿಯ ಹೊರಪೊರೆಯ ಮೇಲೆ ಎಲೆಕ್ಟ್ರೋಡ್ ಇರಿಸಿ, ಹೆಜ್ಜೆಯ ಲಯಕ್ಕೆ ತಕ್ಕಂತೆ ವಿದ್ಯುತ್ ಮಿಡಿತ ಕೊಟ್ಟಾಗ ಆ ಜಾಲ ಎಚ್ಚರಗೊಳ್ಳುತ್ತದೆ. 2018ರಲ್ಲಿ ಪ್ರಕಟವಾದ ವರದಿಯಂತೆ ಮೂವರು ಹೀಗೆ ಆಧಾರ ಹಿಡಿದು ನಡೆದರು. ತಿಂಗಳುಗಟ್ಟಲೆ ತರಬೇತಿಯ ಬಳಿಕ ವಿದ್ಯುತ್ ನಿಲ್ಲಿಸಿದರೂ ಸ್ವಲ್ಪ ಚಲನೆ ಉಳಿಯಿತು. 2023ರ ವರದಿಯಲ್ಲಿ, ಮೆದುಳಿನ ಸಂಕೇತವನ್ನೇ ಓದಿ ಬೆನ್ನುಹುರಿಗೆ ದಾಟಿಸುವ ಉಪಕರಣದ ನೆರವಿನಿಂದ ನೆದರ್ಲೆಂಡ್ಸಿನ ಒಬ್ಬರು ಮೆಟ್ಟಿಲನ್ನೂ ಹತ್ತಿದ್ದರು.

ಪತ್ರಿಕೆಗಳು ಇದನ್ನು ಪವಾಡವೆಂದವು. (ಗುರುಗಳಾದ ನಾವೇ ಆ ಪದವನ್ನು ಅಷ್ಟು ಸುಲಭವಾಗಿ ಬಳಸುವುದಿಲ್ಲ!) ಪ್ರಯೋಗಕ್ಕೆ ಒಳಗಾದವರು ಬೆರಳೆಣಿಕೆಯಷ್ಟು ಮಂದಿ, ಮೇಲೆ ಹೇಳಿದ ಯಾರ ಬೆನ್ನುಹುರಿಯೂ ಪೂರ್ತಿ ಕಡಿದಿರಲಿಲ್ಲ. ಆದ್ದರಿಂದ ಖಚಿತ ಗುಣದ ಭರವಸೆ ಕೊಟ್ಟು ದುಡ್ಡು ಕೇಳುವವರ ಮಾತಿಗೆ ಮರುಳಾಗಿ ಜಾಗ ಮಾರಬೇಡಿ.

ಮುಂದೆ ಯಾವ ಚಿಕಿತ್ಸೆ ಬಂದರೂ ಅದಕ್ಕೆ ದೇಹ ಸಿದ್ಧವಿರಬೇಕು. ವಾಳೆಯ ಗುರಿಕಾರರು ಭೇಟಿಗೆ ಹೋದಾಗ ಬೆನ್ನಿನಲ್ಲಿ ಹುಣ್ಣಾಗಿದೆಯೇ, ಕೀಲುಗಳಿಗೆ ದಿನವೂ ವ್ಯಾಯಾಮ ಮಾಡಿಸುತ್ತಾರೆಯೇ, ರಾತ್ರಿ ಮಗ್ಗುಲು ಬದಲಿಸಲು ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ ಬನ್ನಿ.